ಮಳಖೇಡ: ರಾಜಧಾನಿಯಾಗಿದ್ದ ಒಕ್ಕಲೂರು

ಕಾಚಿಗೂಡದ ನಮ್ಮ ಕನ್ನಡ ಶಾಲೆ ಹೊತ್ತಿರುವುದು ನೃಪತುಂಗನ ಹೆಸರನ್ನು. ಆ ಹೆಸರಿನ ಫಲಕವನ್ನು ದಿನವೂ ಕಾಣುವ ನಮ್ಮಲ್ಲಿ ಹಲವರು ಆ ದೊರೆಯ ಊರನ್ನು ಕಂಡಿಲ್ಲ. ಸಿಕಂದರಾಬಾದಿನಿಂದ ವಾಡಿಗೆ ಹೋಗುವ ರೈಲುಮಾರ್ಗದಲ್ಲಿ ಮಳಖೇಡ ರೋಡ್ ಎಂಬ ಸಣ್ಣ ನಿಲ್ದಾಣವಿದೆ. ನಿದ್ದೆಯಲ್ಲಿಯೇ ಅದನ್ನು ದಾಟಿಬಿಡುತ್ತೇವೆ.

ಮಳಖೇಡವಿರುವುದು ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ, ಭೀಮೆಯನ್ನು ಸೇರುವ ಕಾಗಿಣಾ ನದಿಯ ದಂಡೆಯ ಮೇಲೆ. ಎರೆನೆಲದ ಸೀಮೆ, ಮುಂಗಾರಿಗೆ ತೊಗರಿ, ಹಿಂಗಾರಿಗೆ ಜೋಳ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ನೆಲದಡಿಯ ಸುಣ್ಣದಕಲ್ಲು ಸಿಮೆಂಟ್ ಕಾರ್ಖಾನೆಯನ್ನು ಬರಮಾಡಿಕೊಂಡಿದೆ. ಊರಲ್ಲಿ ಹಳೆಯ ಕೋಟೆಯಿದೆ, ನೇಮಿನಾಥ ಬಸದಿಯಿದೆ. ಮಾಧ್ವರು ಟೀಕಾಚಾರ್ಯ ಜಯತೀರ್ಥರನ್ನು ನೆನೆದು ಯಾತ್ರೆ ಬರುವ ಮಠವಿದೆ.

ಒಂಬತ್ತನೆಯ ಶತಮಾನದಲ್ಲಿ ಇದೇ ಮಾನ್ಯಖೇಟ. ಅಮೋಘವರ್ಷ ನೃಪತುಂಗನು ರಾಷ್ಟ್ರಕೂಟರ ರಾಜಧಾನಿಯನ್ನಾಗಿ ಮಾಡಿದ್ದು ಈ ಊರನ್ನೇ. ಅವನ ಆಸ್ಥಾನದಲ್ಲಿ ರೂಪುಗೊಂಡ ‘ಕವಿರಾಜಮಾರ್ಗ’ವು ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡಿನ ಎಲ್ಲೆಯನ್ನು ಗುರುತಿಸಿತು. ಮುಂದೆ ಮೂರನೆಯ ಕೃಷ್ಣನ ಕಾಲಕ್ಕೆ ಕನ್ನಡದ ಪೊನ್ನನೊಡನೆ ಅಪಭ್ರಂಶದ ಕವಿ ಪುಷ್ಪದಂತನೂ ಇಲ್ಲಿದ್ದ. ಪರಸ್ಥಳದಿಂದ ಬಂದ ಆತನಿಗೆ ಮಂತ್ರಿ ಭರತನು ಆಶ್ರಯವಿತ್ತನು. 965ರಲ್ಲಿ ‘ಮಹಾಪುರಾಣ’ ಪೂರ್ಣಗೊಂಡಿತು. 972ರಲ್ಲಿ ಪರಮಾರ ಸೀಯಕನು ನಗರವನ್ನು ಸೂರೆಗೈದನು. ತನ್ನ ನೆಲೆ ತಪ್ಪಿತೆಂದು ಪುಷ್ಪದಂತನು ಮರುಗಿದನು. ಮರುವರ್ಷವೇ ಎರಡನೆಯ ತೈಲಪನು ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗಾಣಿಸಿದನು.

ಕಾಲಾಂತರದಲ್ಲಿ ಮಳಖೇಡವೂ ಕಾಚಿಗೂಡವೂ ನಿಜಾಮನ ಒಂದೇ ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರಂದು ಮಳಖೇಡ ಮೈಸೂರು ರಾಜ್ಯಕ್ಕೆ, ಹೈದರಾಬಾದು ಆಂಧ್ರಪ್ರದೇಶಕ್ಕೆ ಸೇರಿದವು. ಇಲ್ಲಿನ ಕನ್ನಡಿಗರು ಮನೆ ಬದಲಿಸದೆಯೇ ಹೊರನಾಡಿಗರಾದರು.

ಮಕ್ಕಳಿಗೆ ಇಲ್ಲಿ ಕನ್ನಡವೇಕೆ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಈಗ ಕೇಳುತ್ತಿದೆ. ಉತ್ತರವನ್ನು ನಾನು ಮಾನ್ಯಖೇಟದ ವೈಭವದಲ್ಲಿ ಹುಡುಕುವುದಿಲ್ಲ. ಆ ವೈಭವ ಒಂದೇ ದಾಳಿಗೆ ಕುಸಿಯಿತು. ಪುಷ್ಪದಂತನಲ್ಲಿ ಹುಡುಕುತ್ತೇನೆ. ಕನ್ನಡದ ರಾಜಧಾನಿಯಲ್ಲಿ ಕುಳಿತು ಆತ ತನ್ನ ಭಾಷೆಯಲ್ಲಿಯೇ ಬರೆದ. ಊರು ಅವನನ್ನು ಪರಕೀಯನೆನ್ನಲಿಲ್ಲ. ತೆಲುಗು, ಉರ್ದುಗಳ ನಡುವೆ ಕನ್ನಡ ಓದುವ ಕಾಚಿಗೂಡದ ಮಗುವಿನ ಸ್ಥಿತಿಯೂ ಅದೇ. ನಗರ ಹಾಳಾದರೂ ಕಾವ್ಯ ಉಳಿಯಿತು, ಏಕೆಂದರೆ ಅದನ್ನು ಓದುವವರು, ಪ್ರತಿ ಮಾಡುವವರು ಬೇರೆ ಊರುಗಳಲ್ಲಿದ್ದರು. ಹೊರನಾಡಿನ ನಮಗೆ ಇರುವ ಕೆಲಸವೂ ಅಷ್ಟೇ.