ಗ್ರೀಕರ ಲಿಪಿಯಲ್ಲಿ ನಮ್ಮ ಮಾತು



ಗ್ರೀಕ್ ಲಿಪಿಗೂ ನಮ್ಮ ಬೋವಿಕಾನಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನು ಮೆಟ್ರಿಕ್ ತನಕ ಕಲಿತು, ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಪಂಡಿತನಲ್ಲ. ಆದರೆ ಕೌಂಟರಿನಲ್ಲಿ ಕುಳಿತು ಕನ್ನಡ, ಮಲಯಾಳ, ಇಂಗ್ಲಿಷ್ ಎಂಬ ಮೂರು ಲಿಪಿಗಳ ರುಜುಗಳನ್ನು ತಾಳೆ ನೋಡಿದವನಿಗೆ ಅಕ್ಷರದ ಮೇಲೆ ಒಂದು ಬಗೆಯ ಕುತೂಹಲ ಹುಟ್ಟಿಬಿಡುತ್ತದೆ.

ಗ್ರೀಕ್ ಅಕ್ಷರ ನಮಗೆ ಅಪರಿಚಿತವೇನೂ ಅಲ್ಲ. ವೃತ್ತದ ಲೆಕ್ಕದಲ್ಲಿ ಬರುವ 'ಪೈ' ಗ್ರೀಕ್ ವರ್ಣಮಾಲೆಯ ಹದಿನಾರನೆಯ ಅಕ್ಷರ. ಅದನ್ನು ಈ ಅರ್ಥದಲ್ಲಿ 1706ರಲ್ಲಿ ಮೊದಲು ಬಳಸಿದವನು ವಿಲಿಯಂ ಜೋನ್ಸ್ ಎಂಬ ಗಣಿತಜ್ಞ. ವಿಜ್ಞಾನದ ಪುಸ್ತಕದ ಆಲ್ಫಾ, ಬೀಟಾ ಕಿರಣಗಳಿಗೆ ಹೆಸರಿಟ್ಟವನು ರುದರ್‌ಫರ್ಡ್, 1899ರಲ್ಲಿ. ಕೊರೋನಾ ಕಾಲದಲ್ಲಂತೂ ಅಜ್ಜಿಯಂದಿರ ಬಾಯಲ್ಲೂ ಡೆಲ್ಟಾ, ಒಮಿಕ್ರಾನ್ ಬಂದವು. ರೋಗದ ಹೊಸ ರೂಪಕ್ಕೆ ದೇಶದ ಹೆಸರು ಅಂಟಿಸಿದರೆ ಆ ದೇಶದವರಿಗೆ ಅವಮಾನವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರ ಮೇ 31ರಂದು ಗ್ರೀಕ್ ಅಕ್ಷರಗಳನ್ನು ಆಯ್ದುಕೊಂಡಿತು. ಡೆಲ್ಟಾ ಮೊದಲು ಪತ್ತೆಯಾದದ್ದು ಭಾರತದಲ್ಲಿ. ಅದು 'ಇಂಡಿಯಾ ವೈರಸ್' ಆಗದೆ ಉಳಿದದ್ದು ಒಂದು ಅಕ್ಷರದ ಉಪಕಾರ.

ಇನ್ನೊಂದು ಕಡೆಯೂ ಈ ಅಕ್ಷರಗಳು ನಮ್ಮ ಊರಿಗೆ ಬಂದಿವೆ. ಅದನ್ನು ಹೇಳುವಾಗ ಮನಸ್ಸು ಭಾರವಾಗುತ್ತದೆ. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದ ಕೊನೆಯವರೆಗೆ, ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಎರಡು ರೂಪಗಳ ಮಿಶ್ರಣ, ಒಂದು ಆಲ್ಫಾ, ಇನ್ನೊಂದು ಬೀಟಾ. ಎರಡರಲ್ಲೂ ಇರುವ ಪರಮಾಣುಗಳು ಅವೇ, ಜೋಡಣೆ ಮಾತ್ರ ಬೇರೆ. ಮಾರುಕಟ್ಟೆಗೆ ಬರುತ್ತಿದ್ದುದರಲ್ಲಿ ಆಲ್ಫಾ ಸುಮಾರು ಏಳು ಪಾಲು, ಬೀಟಾ ಮೂರು ಪಾಲು. ನಮ್ಮ ಮುಳಿಯಾರು ಪಂಚಾಯತು ಸೇರಿದಂತೆ ಹನ್ನೊಂದು ಪಂಚಾಯತುಗಳನ್ನು ಪೀಡಿತವೆಂದು ಸರಕಾರ ಗುರುತಿಸಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಈ ವಿಷವನ್ನು ದೇಶದಲ್ಲೆಲ್ಲ ತಡೆಯಿತು. ನೀರಿನ, ನೆತ್ತರಿನ ಪರೀಕ್ಷೆಯ ವರದಿಗಳಲ್ಲಿ ಬಂದ ಆ ಎರಡು ಗ್ರೀಕ್ ಅಕ್ಷರಗಳನ್ನು ಓದಲು ಬಾರದೆಯೂ ಅವುಗಳ ಅರ್ಥವನ್ನು ಅನುಭವಿಸಿದ ಮನೆಗಳು ನಮ್ಮ ಸುತ್ತ ಇವೆ.

ಈಗ ಈ ಅಕ್ಷರಗಳ ಮೂಲಕ್ಕೆ ಹೋಗೋಣ. ಆಲ್ಫಾ, ಬೀಟಾ ಎಂಬ ಹೆಸರುಗಳಿಗೆ ಗ್ರೀಕ್ ಭಾಷೆಯಲ್ಲಿ ಅರ್ಥವೇ ಇಲ್ಲ. ಅವು ಎರವಲು. ಈಗಿನ ಲೆಬನಾನಿನ ಕರಾವಳಿಯಲ್ಲಿದ್ದ ಫಿನೀಷಿಯನ್ ವ್ಯಾಪಾರಿಗಳ ಭಾಷೆಯಲ್ಲಿ 'ಆಲೆಫ್' ಎಂದರೆ ಎತ್ತು, 'ಬೇತ್' ಎಂದರೆ ಮನೆ. ಇಂಗ್ಲಿಷಿನ ದೊಡ್ಡ 'ಎ' ಅಕ್ಷರವನ್ನು ತಲೆಕೆಳಗು ಮಾಡಿ ನೋಡಿ, ಎತ್ತಿನ ಮುಖ ಮತ್ತು ಎರಡು ಕೊಂಬು ಕಾಣುತ್ತದೆ. ನಮ್ಮೂರ ಮದ್ರಸಾದಲ್ಲಿ ಮಕ್ಕಳು ರಾಗವಾಗಿ ಹೇಳುವ 'ಅಲಿಫ್, ಬಾ' ಇದೇ ಮನೆತನದ ದಾಯಾದಿಗಳು.

ಫಿನೀಷಿಯನ್ ಲಿಪಿಯಲ್ಲಿ ಇದ್ದದ್ದು 22 ಅಕ್ಷರ, ಎಲ್ಲವೂ ವ್ಯಂಜನ. ಆ ಪದ್ಧತಿಯಲ್ಲಿ ಕನ್ನಡ ಬರೆದರೆ ಕಮಲ, ಕೋಮಲ, ಕಾಮಾಲೆ ಮೂರೂ ಒಂದೇ ಆಗುತ್ತವೆ: ಕ್, ಮ್, ಲ್. ಅವರ ಭಾಷೆಗೆ ಅದು ಸಾಕಾಗುತ್ತಿತ್ತು, ಗ್ರೀಕ್ ಭಾಷೆಗೆ ಸಾಲದು. ಕ್ರಿಸ್ತಪೂರ್ವ ಎಂಟನೆಯ ಶತಮಾನದ ಹೊತ್ತಿಗೆ ಗ್ರೀಕರು ಒಂದು ಜಾಣತನ ಮಾಡಿದರು. ತಮ್ಮ ನಾಲಗೆಗೆ ಬೇಡವಾದ ವ್ಯಂಜನಗಳ ಗುರುತುಗಳನ್ನು ಎಸೆಯದೆ ಅವಕ್ಕೆ ಸ್ವರಗಳ ಕೆಲಸ ಕೊಟ್ಟರು. ಎತ್ತಿನ ಮುಖ 'ಅ' ಆಯಿತು. ಸಾಲದ್ದಕ್ಕೆ ಫೈ, ಖೈ, ಪ್ಸೈ, ಒಮೆಗಾ ಎಂಬವುಗಳನ್ನು ಕೊನೆಗೆ ಸೇರಿಸಿದರು. ಊರಿಗೊಂದು ಬಗೆಯಾಗಿದ್ದ ಅಕ್ಷರಗಳಲ್ಲಿ ಒಂದು ಬಗೆಯನ್ನು ಅಥೆನ್ಸ್ ನಗರ ಕ್ರಿ.ಪೂ. 403ರ ಸುಮಾರಿಗೆ ಅಧಿಕೃತವಾಗಿ ಒಪ್ಪಿತು. ಇಂದಿನ 24 ಅಕ್ಷರಗಳು ಅವೇ. ರೋಮಿನ ಲಿಪಿ, ಆ ಮೂಲಕ ಇಂಗ್ಲಿಷ್ ಲಿಪಿ, ರಷ್ಯನರ ಲಿಪಿ ಎಲ್ಲವೂ ಇದರ ಸಂತಾನ.

ಮೊದಮೊದಲು ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಆಮೇಲೆ ಒಂದು ಸಾಲು ಆ ಕಡೆ, ಮುಂದಿನ ಸಾಲು ಈ ಕಡೆ. ಇದಕ್ಕೆ ಗ್ರೀಕ್ ಭಾಷೆಯಲ್ಲಿ 'ಎತ್ತು ತಿರುಗಿದಂತೆ' ಎಂಬ ಅರ್ಥದ ಹೆಸರುಂಟು. ಗದ್ದೆ ಹೂಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಡದಿಂದ ಬಲಕ್ಕೆ ನೆಲೆ ನಿಂತದ್ದು ಅನಂತರ.

ಬ್ಯಾಂಕಿನವನಾದ ನನಗೆ ಹೆಚ್ಚು ಮೋಜೆನಿಸಿದ್ದು ಅವರ ಅಂಕೆ. ಆಲ್ಫಾ ಎಂದರೆ 1, ಬೀಟಾ 2, ಅಯೋಟಾ 10, ರೋ 100. ರೋ, ಅಯೋಟಾ, ಆಲ್ಫಾ ಸಾಲಾಗಿ ಬರೆದರೆ 111. ಹೀಗೆ 900ರ ತನಕ ಹೋಗಲು 27 ಗುರುತು ಬೇಕು. ಬಳಕೆ ತಪ್ಪಿದ ಮೂರು ಹಳೆಯ ಅಕ್ಷರಗಳನ್ನು 6, 90, 900ಕ್ಕಾಗಿಯೇ ಇಟ್ಟುಕೊಂಡರು. ಸೊನ್ನೆಯಿಲ್ಲದೆ ಲೆಡ್ಜರ್ ಹೇಗೆ ಕೂಡಿಸುತ್ತಿದ್ದರೋ! ಅಕ್ಷರದಲ್ಲಿ ಅಂಕೆ ಅಡಗಿಸುವ ಕಟಪಯಾದಿ ನಮ್ಮಲ್ಲೂ ಇತ್ತು. ಮೇಲ್ಪತ್ತೂರು ನಾರಾಯಣ ಭಟ್ಟತಿರಿಗಳು ನಾರಾಯಣೀಯವನ್ನು ಮುಗಿಸಿದ ದಿನದ ಲೆಕ್ಕವನ್ನು ಅದರ ಕೊನೆಯ ಪದದಲ್ಲೇ ಇಟ್ಟಿದ್ದಾರೆ.

ಗ್ರೀಕ್ ಅಕ್ಷರ ಭಾರತಕ್ಕೆ ಬಂದದ್ದು ದಂಡಿನ ಮತ್ತು ವ್ಯಾಪಾರದ ಜೊತೆ. ಈಗಿನ ಅಫಘಾನಿಸ್ತಾನದ ಕಂದಹಾರದಲ್ಲಿ ಅಶೋಕನ ಶಾಸನವೊಂದು ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿ 1958ರಲ್ಲಿ ಸಿಕ್ಕಿತು. ಅಲ್ಲಿಯ ಜನರಿಗೆ ಅವರ ಭಾಷೆಯಲ್ಲೇ ಬರೆಸಿದ ಅರಸ ಅವನು. ಗಡಿನಾಡಿನವರು ಮೆಚ್ಚಬೇಕಾದ ಗುಣ. ವಾಯವ್ಯದ ಯವನ ಅರಸರು ನಾಣ್ಯದ ಒಂದು ಮುಖದಲ್ಲಿ ಗ್ರೀಕ್, ಇನ್ನೊಂದು ಮುಖದಲ್ಲಿ ಅಲ್ಲಿಯವರ ಲಿಪಿ ಅಚ್ಚು ಹಾಕಿಸಿದರು. ನಮ್ಮ ನೋಟಿನ ಮೇಲೆ ಸಾಲಾಗಿ ಕನ್ನಡ ನಾಲ್ಕನೆಯದಾಗಿ, ಮಲಯಾಳ ಏಳನೆಯದಾಗಿ ಇಲ್ಲವೇ, ಹಾಗೆ. ಮುಂದೆ ಬ್ರಾಹ್ಮಿ ಲಿಪಿ ಓದುವವರೇ ಇಲ್ಲದಾದಾಗ ಕೈಹಿಡಿದದ್ದು ಈ ನಾಣ್ಯಗಳು. ಅಗಥೋಕ್ಲಿಸ್ ಎಂಬ ಅರಸನ ನಾಣ್ಯದಲ್ಲಿ ಒಂದು ಕಡೆ ಗ್ರೀಕ್, ಇನ್ನೊಂದು ಕಡೆ ಬ್ರಾಹ್ಮಿ. ಅದರ ನೆರವಿನಿಂದ ಲಾಸೆನ್ ಎಂಬ ವಿದ್ವಾಂಸ 1836ರಲ್ಲಿ ಕೆಲವು ಬ್ರಾಹ್ಮಿ ಅಕ್ಷರಗಳನ್ನು ಗುರುತಿಸಿದ. ಮರುವರ್ಷ ಜೇಮ್ಸ್ ಪ್ರಿನ್ಸೆಪ್ ಉಳಿದುದನ್ನು ಬಿಡಿಸಿದ. ಕನ್ನಡಕ್ಕೂ ಮಲಯಾಳಕ್ಕೂ ತಾಯಿಯಾದ ಆ ಲಿಪಿಯ ಬಾಗಿಲು ತೆರೆಯುವಾಗ ಗ್ರೀಕ್ ಅಕ್ಷರವೂ ಒಂದು ಕೀಲಿಕೈ ಆಗಿತ್ತು.

ಇನ್ನು ನಾನು ನಿಜವಾಗಿ ಹೇಳಬೇಕೆಂದಿರುವ ಕತೆ.

ಈಜಿಪ್ಟಿನಲ್ಲಿ ಆಕ್ಸಿರಿಂಕಸ್ ಎಂಬ ಹಾಳೂರು ಇದೆ. ಅಲ್ಲಿನ ಕಸದ ಗುಡ್ಡೆಗಳನ್ನು ಗ್ರೆನ್‌ಫೆಲ್, ಹಂಟ್ ಎಂಬ ಇಬ್ಬರು 1896ರಿಂದ ಅಗೆದರು. ಪಪೈರಸ್ ಎಂಬ ಜೊಂಡಿನ ಹಾಳೆಗಳು ರಾಶಿರಾಶಿಯಾಗಿ ಸಿಕ್ಕವು. 1903ರಲ್ಲಿ ಅವರು ಪ್ರಕಟಿಸಿದ 413ನೆಯ ಸಂಖ್ಯೆಯ ಹಾಳೆಯಲ್ಲಿ ಒಂದು ಪ್ರಹಸನ ಇತ್ತು. ಬರವಣಿಗೆ ಕ್ರಿಸ್ತಶಕ ಎರಡನೆಯ ಶತಮಾನದ್ದು. ಕರಿಟಿಯಾನ್ ಎಂಬ ಗ್ರೀಕ್ ಹೆಣ್ಣು ಭಾರತದ ಕಡಲತೀರದಲ್ಲಿ ಸೆರೆಯಾಗಿದ್ದಾಳೆ. ಅವಳ ಅಣ್ಣ ಹಡಗಿನಲ್ಲಿ ಬಂದು, ಇಲ್ಲಿನ ಅರಸನಿಗೂ ಅವನ ಕಡೆಯವರಿಗೂ ನೀರು ಬೆರೆಸದ ಮದ್ಯ ಕುಡಿಸಿ, ಅಮಲೇರಿದಾಗ ತಂಗಿಯನ್ನು ಬಿಡಿಸಿಕೊಂಡು ಹೋಗುತ್ತಾನೆ. ಒಬ್ಬ ಹಾಸ್ಯಗಾರನೂ ಇದ್ದಾನೆ. ಅವನ ಕೆಲವು ಹಾಸ್ಯಗಳನ್ನು ಇಲ್ಲಿ ಹೇಳುವಂತಿಲ್ಲ. ಎಲ್ಲೆಲ್ಲಿ ಮದ್ದಳೆಯಂಥ ವಾದ್ಯ ಬಾರಿಸಬೇಕೆಂಬ ಗುರುತೂ ಹಾಳೆಯಲ್ಲಿ ಉಂಟು. ಪಾರ್ತಿಸುಬ್ಬನ ನಾಡಿನವರಾದ ನಮಗೆ ಇಂಥ ಆಟ ಹೊಸತಲ್ಲ.

ಆ ಅರಸನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಆದರೆ ಬರೆದದ್ದು ಗ್ರೀಕ್ ಅಕ್ಷರದಲ್ಲಿ. 1904ರಲ್ಲಿ ಹುಲ್ಟ್‌ಷ್ ಎಂಬ ಜರ್ಮನ್ ವಿದ್ವಾಂಸರು ಇದು ಕನ್ನಡ ಎಂದರು. ಮದ್ರಾಸ್ ಸರಕಾರದಲ್ಲಿದ್ದು ನಮ್ಮ ದಕ್ಷಿಣದ ಶಾಸನಗಳನ್ನು ಓದಿದ್ದವರು ಅವರು. ಹಾಳೆಯಲ್ಲಿ 'ಬೆರೆ' ಎಂದಿರುವುದು 'ಬೇರೆ', 'ಕೊನ್ಜೆ' ಎಂಬಂತಿರುವುದು 'ಕೊಂಚ', 'ಪೆತ್ರೆಕಿಯೊ' ಎಂಬುದು 'ಪಾತ್ರಕ್ಕೆ', 'ದಮುನ್' ಎಂಬುದು 'ಮಧು' ಎಂದು ಅವರು ಓದಿದರು. ಹಲ್ಮಿಡಿ ಶಾಸನ ಸುಮಾರು 450ರದ್ದು. ಹುಲ್ಟ್‌ಷ್ ಹೇಳಿದ್ದು ಸರಿಯಾದರೆ ಅದಕ್ಕಿಂತ ಇನ್ನೂರೈವತ್ತು ವರ್ಷಗಳಷ್ಟಾದರೂ ಮೊದಲಿನ ಆಡುಗನ್ನಡ ಈಜಿಪ್ಟಿನ ಕಸದಲ್ಲಿ ಉಳಿದಿತ್ತೆಂದಾಯಿತು. ಬಾರ್ನೆಟ್ ಎಂಬ ವಿದ್ವಾಂಸರು 1926ರಲ್ಲಿ ಇದನ್ನು ಒಪ್ಪದೆ ಬರೆದರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಶಾಮಶಾಸ್ತ್ರಿಗಳು, ತುಳುನಾಡಿನ ಚರಿತ್ರೆ ಬರೆದ ಸಾಲೆತ್ತೂರರು, ಗ್ರೀಕ್ ಭಾಷೆಯನ್ನೂ ಕಲಿತಿದ್ದ ನಮ್ಮ ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು ಈ ಚರ್ಚೆಗೆ ಕೈಹಾಕಿದರು. 'ಮಲ್ಪಿ' ಎಂದು ತೊಡಗುವ ಪದವೊಂದನ್ನು ಕಂಡು ಮಲ್ಪೆ ಎಂದವರುಂಟು. ಕನ್ನಡವಲ್ಲ, ತುಳುವೇ ಎಂದು ವಾದಿಸಿದವರೂ ಉಂಟು.

ಇಷ್ಟು ಗೊಂದಲ ಯಾಕೆ? ಅಕ್ಷರದ ಕೊರತೆಯೇ ಒಂದು ದೊಡ್ಡ ಕಾರಣ. ಗ್ರೀಕ್ ಲಿಪಿಯಲ್ಲಿ ಚ ಇಲ್ಲ, ಜ ಇಲ್ಲ, ಶ ಇಲ್ಲ, ಣ ಇಲ್ಲ, ಳ ಇಲ್ಲ. 'ಕೊಂಚ' ಎಂದು ಕಿವಿಗೆ ಬಿದ್ದರೆ ಲಿಪಿಕಾರ ತನ್ನಲ್ಲಿದ್ದ ಜೀಟಾ ಎಂಬ ಅಕ್ಷರವನ್ನೇ ಹಾಕಬೇಕು. ಪದಗಳ ನಡುವೆ ಜಾಗ ಬಿಡುವ ಕ್ರಮವೂ ಆಗ ಇರಲಿಲ್ಲ. 'ನಾನುನಾಳೆಬೋವಿಕಾನಕ್ಕೆಬರುತ್ತೇನೆ' ಎಂದು ಬರೆದು ಕನ್ನಡ ಬಾರದವನ ಕೈಗೆ ಕೊಡಿ, ಎಲ್ಲಿ ತುಂಡು ಮಾಡುತ್ತಾನೆ ನೋಡೋಣ. ಇನ್ನೊಂದು ಪದ 'ಪಾಕ್ತೆ' ಎಂಬಂತಿದೆ. ಹುಲ್ಟ್‌ಷ್ ಅದನ್ನು 'ಹಾಕಿ' ಎಂದರು. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗಿದೆ, ಆದ್ದರಿಂದ ತಳ್ಳಿಹಾಕುವಂತಿಲ್ಲ. ಆದರೆ ನಾವು ಹುಲಿ, ಹೂವು ಎನ್ನುವಲ್ಲಿ ತುಳುವರು ಪಿಲಿ, ಪೂ ಎನ್ನುತ್ತಾರೆ, ಮಲಯಾಳಿಗಳು ಪುಲಿ, ಪೂವು ಎನ್ನುತ್ತಾರೆ. ಹಾಗಾಗಿ ಬರೇ ಪಕಾರದಿಂದ ಇಂಥದೇ ಭಾಷೆ ಎನ್ನಲೂ ಆಗದು.

ನನಗೆ ತೋರುವುದು ಬೇರೊಂದು. ಬಪ್ಪನಾಡು ಕ್ಷೇತ್ರ ಮಹಾತ್ಮೆಯ ಬಪ್ಪ ಬ್ಯಾರಿ ರಂಗಕ್ಕೆ ಬಂದು ಬ್ಯಾರಿ ಮಾತಾಡಿದಾಗ ಜನ ನಗುವುದು ಪರಿಚಯದ ನಗು. ಈಜಿಪ್ಟಿನ ಸಭೆಗೆ ಇಲ್ಲಿಯ ಮಾತು ತಿಳಿದಿರಬೇಕಾಗಿರಲಿಲ್ಲ, ಪರಕೀಯವಾಗಿ ಕೇಳಿದರೆ ಸಾಕಿತ್ತು. ನಮ್ಮ ಕರಾವಳಿಗೆ ಮೆಣಸಿಗಾಗಿ ಬಂದ ಹಡಗಿನ ಯಾವನೋ ಕಿವಿಯಲ್ಲಿ ಹೊತ್ತೊಯ್ದ ನಾಲ್ಕು ನಿಜವಾದ ಪದ, ಅದಕ್ಕೆ ವೇಷಧಾರಿ ಬೆರೆಸಿದ ನಲ್ವತ್ತು ಸುಳ್ಳು ಪದ ಹೀಗೆ ಇರಬಹುದು. ಇದು ನನ್ನ ಊಹೆ, ವಿದ್ವಾಂಸರದ್ದಲ್ಲ.

ದೂರದ ಕತೆ ಎನಿಸಿದರೆ ನಮ್ಮ ಬಸ್ಸಿನ ಬೋರ್ಡನ್ನೇ ನೋಡಿ. ನಾವು ಬೋವಿಕಾನ ಎನ್ನುತ್ತೇವೆ, ಮಲಯಾಳದಲ್ಲಿ ಬೋವಿಕ್ಕಾನಂ. ಇದರಲ್ಲಿ ದ್ವೇಷ ಹುಡುಕಬೇಕಾಗಿಲ್ಲ. ಮಲಯಾಳದಲ್ಲಿ ಎರಡು ಸ್ವರಗಳ ನಡುವೆ ಒಂಟಿ 'ಕ' ಬಂದರೆ ಓದುವವನ ನಾಲಗೆ ಅದನ್ನು ಮೆತ್ತಗೆ ಮಾಡುತ್ತದೆ. ಗಟ್ಟಿಯಾಗಿ ಉಳಿಸಬೇಕೆಂದರೆ ಒತ್ತು ಕೊಡಬೇಕು. 'ಮರ' ಅವರಿಗೆ 'ಮರಂ' ಆದಂತೆ 'ಕಾನ'ವೂ 'ಕಾನಂ'. ಮಂಜೇಶ್ವರವನ್ನು ಬರೆಯುವಾಗ ಅವರು ಚಕಾರದ ಒತ್ತು ಹಾಕುತ್ತಾರೆ, ಓದುವಾಗ ಅದು ಜಕಾರದ ಹತ್ತಿರವೇ ಬರುತ್ತದೆ. ತೊಂದರೆ ಆಗುವುದು ಎಲ್ಲಿಯೆಂದರೆ, ಹಾಗೆ ಬರೆದದ್ದನ್ನು ನೋಡಿ ಇನ್ನೊಬ್ಬ ಇಂಗ್ಲಿಷಿನಲ್ಲಿ ಬರೆಯುತ್ತಾನೆ, ಇಂಗ್ಲಿಷನ್ನು ನೋಡಿ ಮತ್ತೊಬ್ಬ ಕನ್ನಡಕ್ಕೆ ತರುತ್ತಾನೆ. 2021ರ ಜೂನಿನಲ್ಲಿ ನಮ್ಮ ಊರುಗಳ ಕನ್ನಡ ಹೆಸರು ಬದಲಾಗುತ್ತದೆಂಬ ಸುದ್ದಿ ಎದ್ದು ಎರಡೂ ರಾಜ್ಯಗಳಲ್ಲಿ ಗದ್ದಲವಾದಾಗ ಅಂಥ ಆದೇಶವೇ ಇಲ್ಲವೆಂದು ಇಲ್ಲಿನ ಅಧಿಕಾರಿಗಳು ಹೇಳಿದರು. ಆದೇಶವಿಲ್ಲದೆಯೂ ಹೆಸರು ಬದಲಾಗುತ್ತದೆ ಎಂಬುದು ಕೌಂಟರಿನಲ್ಲಿ ಕುಳಿತವನಿಗೆ ಗೊತ್ತು. ಪಾಸ್‌ಬುಕ್ಕಿನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಮಗನ ಸರ್ಟಿಫಿಕೇಟಿನಲ್ಲಿ ಮತ್ತೊಂದು. ಮೂವರೂ ಒಬ್ಬನೇ ಎಂದು ಅಫಿದವಿತ್ತು ತರಲು ಮುದುಕರನ್ನು ಎಷ್ಟು ಸಲ ಓಡಾಡಿಸಿದ್ದೇವೆ! ತಂದೆ ಸತ್ತಮೇಲೆ ಠೇವಣಿ ಬಿಡಿಸಲು ಬಂದ ಹೆಣ್ಣುಮಗಳಿಗೆ ಒಂದು ಒತ್ತಕ್ಷರ ಎಷ್ಟು ತಿಂಗಳು ಅಡ್ಡ ನಿಲ್ಲಬಹುದು ಎಂಬುದನ್ನು ಕಂಡವರೇ ಬಲ್ಲರು.

ಇದಕ್ಕೆ ಹಿಂದಿನವರು ಒಂದು ದಾರಿ ಕಂಡುಕೊಂಡಿದ್ದರು. ಕುಶಾನರ ಕನಿಷ್ಕ ತನ್ನ ನಾಣ್ಯಗಳಿಂದ ಗ್ರೀಕ್ ಭಾಷೆಯನ್ನು ತೆಗೆದು ಬಾಕ್ಟ್ರಿಯನ್ ಎಂಬ ತನ್ನ ನಾಡಿನ ಭಾಷೆಯನ್ನು ತಂದ, ಆದರೆ ಲಿಪಿ ಗ್ರೀಕ್ ಆಗಿಯೇ ಉಳಿಯಿತು. ಶಕಾರ ಇಲ್ಲವಲ್ಲ? ಅದಕ್ಕೆಂದೇ ಒಂದು ಹೊಸ ಅಕ್ಷರ ಸೇರಿಸಿದರು. ತಮ್ಮ ಅರಸನ ಹೆಸರಿನ 'ಷ್ಕ'ವನ್ನು ಬೇರೆಯವರ ಅಕ್ಷರಕ್ಕಾಗಿ ಬಿಟ್ಟುಕೊಡಲಿಲ್ಲ.

ತುಳುವಿಗೂ ತಿಗಳಾರಿ ಲಿಪಿ ಇತ್ತು. ಮುದ್ರಣ ಬಂದಾಗ ಅದು ಹಿಂದೆ ಬಿತ್ತು, ತುಳು ಕನ್ನಡ ಅಕ್ಷರದಲ್ಲಿ ಅಚ್ಚಾಯಿತು. ತಾಳೆಗರಿಯಲ್ಲಿದ್ದ ತುಳು ಭಾಗವತವನ್ನು, ಕಾವೇರಿಯನ್ನು ಓದಿ ಬೆಳಕಿಗೆ ತಂದವರು ನಮ್ಮ ಜಿಲ್ಲೆಯವರೇ ಆದ ಪುಂಡೂರು ವೆಂಕಟರಾಜ ಪುಣಿಂಚತ್ತಾಯರು. 2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಅಕ್ಷರಗಳಿಗೆ ಯೂನಿಕೋಡಿನಲ್ಲಿ, ಅಂದರೆ ಜಗತ್ತಿನ ಕಂಪ್ಯೂಟರುಗಳೆಲ್ಲ ಒಪ್ಪುವ ಅಕ್ಷರಗಳ ಪಟ್ಟಿಯಲ್ಲಿ, ಸ್ಥಾನ ಸಿಕ್ಕಿದೆ.

ಕರಿಟಿಯಾನಿನ ಹಾಳೆ ಈಗ ಆಕ್ಸ್‌ಫರ್ಡಿನ ಬೊಡ್ಲಿಯನ್ ಗ್ರಂಥಾಲಯದಲ್ಲಿದೆ. ಅದು ಸಿಕ್ಕಿದ್ದು ಕಸದಲ್ಲಿ ಎಂದೆನಲ್ಲ? ನಿಮ್ಮಲ್ಲಿ ಹಳೆಯ ಮನೆ ಕೆಡಹುವವರಿದ್ದರೆ ಅಟ್ಟವನ್ನು ಒಮ್ಮೆ ನೋಡಿಕೊಳ್ಳಿ. ದಾರ ಕಟ್ಟಿದ ಓಲೆಯ ಕಟ್ಟು ಕಂಡರೆ, ಓದಲು ಬಾರದೆಂದು ಬಚ್ಚಲ ಒಲೆಗೆ ಹಾಕುವ ಮೊದಲು, ತಿಗಳಾರಿ ಬಲ್ಲವರ ಕೈಗೆ ಒಮ್ಮೆ ಕೊಡಿ.