ವರ್ಷದ ವಿಭಜನೆಯೂ ಗೋಡೆಯ ಸ್ಮೃತಿಯೂ

ಕಟ್ಟಡವೊಂದು ವರ್ಷದ 8,760 ಗಂಟೆಗಳಲ್ಲಿ ಎಷ್ಟು ಶಕ್ತಿಯನ್ನು ವ್ಯಯಿಸೀತೆಂಬುದನ್ನು ಅಡಿಪಾಯ ಹಾಕುವ ಮೊದಲೇ ಗಣಿಸಿ ತಿಳಿಯುವ ಸಿಮ್ಯುಲೇಷನ್ ವಿದ್ಯೆಯಲ್ಲಿ, 2001ರಲ್ಲಿ ಅಮೆರಿಕದ ಶಕ್ತಿ ಇಲಾಖೆಯ ಆಶ್ರಯದಲ್ಲಿ ಹೊರಬಂದ ಎನರ್ಜಿಪ್ಲಸ್ ಪ್ರಮುಖ ಸಾಧನವಾಗಿದೆ. ಒಂದು ಗಣನೆಗೆ ಮೂರು ನಿಮಿಷ ಹಿಡಿದರೆ ಯಾರೂ ಬೇಸರಿಸರು. ಅತ್ಯುತ್ತಮ ವಿನ್ಯಾಸವನ್ನು ಅರಸುತ್ತ ಐದು ಸಾವಿರ ವಿನ್ಯಾಸಗಳನ್ನು ಒಂದಾದಮೇಲೊಂದರಂತೆ ಪರೀಕ್ಷಿಸಹೊರಟವನಿಗೆ ಅದೇ 250 ಗಂಟೆಗಳಾಗುತ್ತದೆ. ಮಾದರಿಯನ್ನು ಸರಳಗೊಳಿಸುವುದು, ಪ್ರಾತಿನಿಧಿಕ ದಿನಗಳನ್ನಷ್ಟೇ ಗಣಿಸುವುದು, ಕೆಲವು ನೂರು ಫಲಿತಗಳಿಂದ ಬದಲಿ ಮಾದರಿಯೊಂದನ್ನು ರಚಿಸಿಕೊಳ್ಳುವುದು ಮೊದಲಾದ ಉಪಾಯಗಳು ಸುಪರಿಚಿತವಾದುದರಿಂದ ಅವುಗಳ ವಿಸ್ತಾರ ಇಲ್ಲಿ ಅನಗತ್ಯ.

ವಿವಾದಾಸ್ಪದವಾದುದು ಇನ್ನೊಂದು ಉಪಾಯ. ಹೈದರಾಬಾದಿನ ವಿಶಾಲ್ ಗರ್ಗ್ ಮತ್ತು ಅವರ ಸಂಗಡಿಗರು 2011ರ ಸುಮಾರಿಗೆ ಪ್ರತಿಪಾದಿಸಿದಂತೆ, ವರ್ಷವನ್ನು ತಿಂಗಳುಗಳಂಥ ಖಂಡಗಳಾಗಿ ಸೀಳಿ ಬೇರೆಬೇರೆ ಗಣಕಗಳಿಗೆ ಹಂಚುವುದು. ಕಾಲ ಉಳಿಯುವುದೆಂಬುದರಲ್ಲಿ ಸಂದೇಹವಿಲ್ಲ. ಖಂಡಗಳ ಮೊತ್ತವು ಇಡೀ ವರ್ಷದ ಮೊತ್ತಕ್ಕೆ ಸಮೀಪವಾಗಿದ್ದರೆ ಸಾಕೆಂಬ ಅಳತೆಗೋಲಿನಲ್ಲಿ ಮಾತ್ರ ನನಗೆ ಭಿನ್ನಾಭಿಪ್ರಾಯವಿದೆ.

ಪ್ರತಿಯೊಂದು ಖಂಡದ ಆರಂಭದಲ್ಲಿ ಎನರ್ಜಿಪ್ಲಸ್ ಆ ಖಂಡದ ಮೊದಲ ದಿನವನ್ನೇ, ಕೋಣೆಗಳ ಉಷ್ಣತೆಯೂ ಹೊರೆಯೂ ಸ್ಥಿರಗೊಳ್ಳುವವರೆಗೆ, ಪುನಃಪುನಃ ಗಣಿಸುತ್ತದೆ; ಈ ಪೂರ್ವಾಭ್ಯಾಸಕ್ಕೆ ರೂಢಿಯ ಮಿತಿ 25 ದಿನ. ಜುಲೈ ಒಂದನೆಯ ತಾರೀಖು ಆಕಸ್ಮಿಕವಾಗಿ ಬಿಸಿಲು ಕಾದ ದಿನವಾಗಿದ್ದರೆ, ಜೂನ್ ಕೊನೆಯ ವಾರವೆಲ್ಲ ಮಳೆ ಹಿಡಿದಿದ್ದರೂ, ಗೋಡೆಯು ಅಂಥ ಬಿಸಿಲನ್ನೇ ದಿನವೂ ಕಂಡಂತೆ ತಿಂಗಳನ್ನು ಪ್ರಾರಂಭಿಸುತ್ತದೆ. ಈ ಮಿಥ್ಯಾಸ್ಮೃತಿ ಎಲ್ಲ ಗೋಡೆಗಳಲ್ಲಿಯೂ ಸಮಾನವಾಗಿ ಉಳಿಯುವುದಿಲ್ಲ. ದಪ್ಪದ ವರ್ಗವನ್ನು ಉಷ್ಣಪ್ರಸರಣಾಂಕದಿಂದ ಭಾಗಿಸಿದರೆ ದೊರೆಯುವ ಕಾಲಪ್ರಮಾಣವು 230 ಮಿಲಿಮೀಟರ್ ಇಟ್ಟಿಗೆಯ ಗೋಡೆಗೆ ಸುಮಾರು 30 ಗಂಟೆ; ದಪ್ಪ ಇಮ್ಮಡಿಯಾದರೆ ನಾಲ್ಮಡಿ, ಅಂದರೆ ಐದು ದಿನ. ಹಾಗಾದರೆ ಪರಸ್ಪರ ಸ್ಪರ್ಧಿಸುವ ವಿನ್ಯಾಸಗಳಲ್ಲಿ ದಪ್ಪಗೋಡೆಯದಕ್ಕೆ ಹೆಚ್ಚು ದೋಷ, ತೆಳುಗೋಡೆಯದಕ್ಕೆ ಕಡಿಮೆ. ಮೊತ್ತವು ಸರಿಹೋದರೂ ತಾರತಮ್ಯವು ತಪ್ಪಬಹುದು; ಅರಸುವವನಿಗೆ ಬೇಕಾದುದಾದರೋ ತಾರತಮ್ಯವೇ.

ಇದಕ್ಕಿಂತ ಗಹನವಾದ ಅಂಶ ಇನ್ನೊಂದಿದೆ. ಒಂದೊಂದು ತಲೆಮಾರಿನಲ್ಲಿ ಐವತ್ತು ವಿನ್ಯಾಸಗಳನ್ನು ಒಟ್ಟಿಗೆ ಪರೀಕ್ಷಿಸುವ ವಿಕಾಸಾತ್ಮಕ ಕ್ರಮಕ್ಕೆ ವರ್ಷವನ್ನು ಸೀಳುವ ಅಗತ್ಯವೇ ಇಲ್ಲ. ಗಣಕಕ್ಕೊಂದು ವಿನ್ಯಾಸವನ್ನು ಕೊಟ್ಟರಾಯಿತು. ಸೀಳುವಿಕೆ ಬೇಕಾಗುವುದು ಹಿಂದಿನ ಹೆಜ್ಜೆಯ ಫಲವನ್ನು ನೋಡಿಯೇ ಮುಂದಿನ ಹೆಜ್ಜೆಯಿಡುವ ಹುಕ್-ಜೀವ್ಸ್‌ನಂಥ ಕ್ರಮಗಳಿಗೆ. ಆದರೆ ಸಂಶೋಧಕರಾದ ವೆಟರ್ ಮತ್ತು ರೈಟ್ 2004ರಲ್ಲಿಯೇ ತೋರಿಸಿರುವಂತೆ, ಗಣಿತಫಲದಲ್ಲಿನ ಸಣ್ಣ ಮುರಿವುಗಳಿಗೆ ಸಿಕ್ಕಿ ದಾರಿತಪ್ಪುವುದೂ ಇಂಥ ಕ್ರಮಗಳೇ. ಪೂರ್ವಾಭ್ಯಾಸದ ದಿನಗಳು ಪೂರ್ಣಾಂಕಗಳಾದುದರಿಂದ, ಗೋಡೆಯನ್ನು ಒಂದು ಕೂದಲೆಳೆಯಷ್ಟು ದಪ್ಪಗೊಳಿಸಿದಾಗ ಅವು ಐದರಿಂದ ಆರಕ್ಕೆ ಜಿಗಿಯಬಹುದು. ವರ್ಷಕ್ಕೆ ಒಂದೆಡೆ ಇದ್ದ ಈ ಜಿಗಿತಕ್ಕೆ ಮಾಸಖಂಡಗಳು ಹನ್ನೆರಡು ಎಡೆಗಳನ್ನು ಒದಗಿಸುತ್ತವೆ. ಆದ್ದರಿಂದ, ವರ್ಷವಿಭಜನೆಯು ಎಲ್ಲಿ ಹೆಚ್ಚು ಉಪಯುಕ್ತವೋ ಅಲ್ಲಿಯೇ ಅತ್ಯಂತ ಅಪಾಯಕರವೆಂದು ಹೇಳಬಯಸುತ್ತೇನೆ. ಹಗಲಿರುಳೂ ಹವಾನಿಯಂತ್ರಣದಲ್ಲಿರುವ ಹಗುರಗೋಡೆಯ ಕಟ್ಟಡಗಳಿಗೆ ಈ ಮಾತು ಬಹುಶಃ ಸಲ್ಲದು. ಜಿಗಿತಗಳು ವಿನ್ಯಾಸಗಳ ನಡುವಣ ಅಂತರಕ್ಕಿಂತ ತೀರ ಕಿರಿದಾಗಿರುವಲ್ಲಿಯೂ ಸಲ್ಲದು. ಇದು ತರ್ಕದಿಂದ ಮುಟ್ಟಿದ ನಿರ್ಣಯ, ಪ್ರಯೋಗದಿಂದ ಮುಟ್ಟಿದುದಲ್ಲವೆಂಬುದನ್ನೂ ಮರೆಮಾಚಲಾರೆ.

ಪರಿಹಾರವೇನೂ ಕಠಿಣವಲ್ಲ. ಪ್ರತಿಯೊಂದು ಖಂಡವನ್ನೂ ಏಳು ದಿನ ಮುಂಚಿತವಾಗಿ ಆರಂಭಿಸಿ, ನಿಜವಾದ ಹವೆಯನ್ನೇ ಗೋಡೆಗೆ ಉಣಿಸಿ, ಆ ಏಳು ದಿನಗಳ ಫಲವನ್ನು ಕಳೆದುಬಿಡುವುದು. ಹನ್ನೆರಡು ಖಂಡಗಳಿಗೆ ಹೆಚ್ಚುವ ಗಣನೆ 84 ದಿನಗಳದು, ಅಂದರೆ ಶೇಕಡಾ 23. ನೆಲಗಟ್ಟಿನ ಕೆಳಗಿನ ಮಣ್ಣಿನ ವಿಷಯ ಮಾತ್ರ ಬೇರೆ: ಅದರ ಸ್ಮೃತಿ ತಿಂಗಳುಗಟ್ಟಲೆಯದು, ಅದಕ್ಕೆ ಏಳು ದಿನ ಸಾಲದು.