1972: ಒಬ್ಬ ಅಭಿಮಾನಿಯ ಪಟ್ಟಿ

ಓದಿದ ಪುಸ್ತಕಗಳ ಹೆಸರನ್ನು ಬರೆದಿಡುವವರುಂಟು. ನನ್ನ ಸೋದರಮಾವ ನೋಡಿದ ಸಿನಿಮಾಗಳ ಹೆಸರನ್ನು ಬರೆದಿಡುತ್ತಿದ್ದರು. ದಿನಸಿ ಅಂಗಡಿಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ, ವರ್ಷ ಮುಗಿಯುವ ಹೊತ್ತಿಗೆ, ತಮಗೆ ಮೆಚ್ಚಿಕೆಯಾದವು ಇಂಥಿಂಥವು ಎಂದು ಕ್ರಮಸಂಖ್ಯೆ ಹಾಕುವರು. 1972ರ ಹಾಳೆಯಲ್ಲಿ ಮೊದಲ ಸ್ಥಾನ 'ಬಂಗಾರದ ಮನುಷ್ಯ'ಕ್ಕೆ. 'ನಾಗರಹಾವು' ಆ ಹಾಳೆಯಲ್ಲಿ ಇಲ್ಲವೇ ಇಲ್ಲ.

ಚಿತ್ರರಂಗದ ಚರಿತ್ರೆ ಬಲ್ಲವರಿಗೆ ಇದು ಲೋಪವೆಂದು ತೋರೀತು. ಆದರೆ 'ನಾಗರಹಾವು' ತೆರೆಕಂಡದ್ದು 1972ರ ಡಿಸೆಂಬರ್ 29ರಂದು. ಚಿತ್ರಗಳು ನಗರಗಳಲ್ಲಿ ಓಡಿ, ಪ್ರಿಂಟುಗಳು ಗೀರುಬಿದ್ದು ಸವೆದ ಮೇಲೆ ನಮ್ಮಂಥ ತಾಲ್ಲೂಕು ಊರಿನ ಟೆಂಟಿಗೆ ಬರುತ್ತಿದ್ದ ಕಾಲವದು. ಗ್ರಂಥಗಳು ಒಂದು ವರ್ಷವನ್ನು ಹೇಳಿದರೆ ಊರು ಇನ್ನೊಂದನ್ನು ಹೇಳುತ್ತಿತ್ತು. 'ಬಂಗಾರದ ಮನುಷ್ಯ'ವನ್ನು ಮಾವ ಸರಕು ತರಲು ಬೆಂಗಳೂರಿಗೆ ಹೋದಾಗ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ನೋಡಿದ್ದರು. ಮುಂದೆ 'ಭೂಮಿಕಾ' ಎಂದು ಹೆಸರು ಪಡೆದ ಆ ಮಂದಿರದಲ್ಲಿ ಚಿತ್ರ ಎರಡು ವರ್ಷ ಓಡಿತು.

ಎರಡೂ ಕಾದಂಬರಿಗಳಿಂದ ಮೂಡಿದ ಚಿತ್ರಗಳೆಂಬುದನ್ನು ಸಾಹಿತ್ಯಪ್ರಿಯರು ಗಮನಿಸಬೇಕು. ಪತ್ತೇದಾರಿ ಕಾದಂಬರಿಗಳಿಗೆ ಹೆಸರಾದ ಟಿ. ಕೆ. ರಾಮರಾಯರ ಕೃತಿಯನ್ನು ಸಿದ್ಧಲಿಂಗಯ್ಯನವರು ತೆರೆಗೆ ತಂದರು. ವಿಧವೆಯಾದ ಅಕ್ಕನ ಸಂಸಾರಕ್ಕೆ ಹೆಗಲು ಕೊಡುವ ರಾಜೀವ ಬರಡು ನೆಲವನ್ನು ಹಸನು ಮಾಡುತ್ತಾನೆ. ವಿಶ್ವೇಶ್ವರಯ್ಯನವರನ್ನು ನೆನೆಯುವ ಹಾಡೊಂದು ಊರೂರಿನಲ್ಲಿ ಮೊಳಗಿತು. ಪಟ್ಟಣ ಬಿಟ್ಟು ಹಳ್ಳಿಗೆ ಮರಳಿ ನೇಗಿಲು ಹಿಡಿದ ಯುವಕರ ಕಥೆಗಳನ್ನು ಜನ ಇಂದಿಗೂ ಹೇಳುತ್ತಾರೆ. ಅವುಗಳಲ್ಲಿ ತುಸು ಉತ್ಪ್ರೇಕ್ಷೆಯೂ ಬೆರೆತಿರಬಹುದು. ನನಗೆ ಸೋಜಿಗವಾದದ್ದು ಬೇರೆ. ಮಣ್ಣಿಗೆ ಮರಳಿರೆಂದು ಕರೆದ ಆ ಚಿತ್ರದ ನಾಯಕ ಕಡೆಗೆ ಮಣ್ಣನ್ನು ತೊರೆದು ಹೋಗುತ್ತಾನೆ. ಯಾರಿಗಾಗಿ ಬೆವರು ಸುರಿಸಿದನೋ ಆ ಮನೆಯಲ್ಲಿಯೇ ಅಕ್ಕನ ಮಗನಿಂದ ಶಂಕೆಯ ಮಾತು ಕೇಳಿ ಒಂಟಿಯಾಗಿ ಹೊರಟುಬಿಡುತ್ತಾನೆ. ನನ್ನ ತಂದೆ ತೀರಿಕೊಂಡ ಮೇಲೆ ನಮ್ಮನ್ನು ಸಾಕಿದವರು ಇದೇ ಮಾವ. ಅವರ ಪಟ್ಟಿಯಲ್ಲಿ ಆ ಹೆಸರಿನ ಕೆಳಗೆ ಮಾತ್ರ ಎರಡು ಗೆರೆ ಏಕೆ ಎಳೆದಿದ್ದರೆಂದು ಹುಡುಗನಾಗಿದ್ದ ನಾನು ಕೇಳಲಿಲ್ಲ.

'ನಾಗರಹಾವು' ಚಿತ್ರಕ್ಕೆ ತ. ರಾ. ಸು. ಅವರ ಮೂರು ಕಾದಂಬರಿಗಳು ಆಧಾರ: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಪುಟ್ಟಣ್ಣ ಕಣಗಾಲರು ಅವನ್ನು ಒಂದಾಗಿ ಹೆಣೆದರು. ವಿಷ್ಣುವರ್ಧನ್ ನಾಯಕರಾದದ್ದು, ಅಂಬರೀಶ್ ಜಲೀಲನಾಗಿ ತೆರೆಗೆ ಬಂದದ್ದು ಇದರಲ್ಲಿಯೇ. ಒಂದು ಹಾಡಿನಷ್ಟು ಹೊತ್ತು ಒನಕೆ ಓಬವ್ವನಾದ ಜಯಂತಿಯವರು ದುರ್ಗದ ಕಿಂಡಿಯನ್ನು ನಾಡಿನ ಕಣ್ಣಿಗೆ ತಂದರು. ತಮ್ಮ ಹಾವನ್ನು ಪುಟ್ಟಣ್ಣ ಕೆರೆಹಾವು ಮಾಡಿದರೆಂದು ತ. ರಾ. ಸು. ನೊಂದು ನುಡಿದರೆಂಬ ಮಾತು ಪ್ರಸಿದ್ಧವಾಗಿದೆ. ಮುಂದೆ 'ದುರ್ಗಾಸ್ತಮಾನ'ವನ್ನು ಬರೆದ ಲೇಖನಿಗೆ ಆ ಅಸಮಾಧಾನದ ಹಕ್ಕು ಇದ್ದೇ ಇತ್ತು.

ಎಂ.ಎ. ಮುಗಿಸಿದ ಹುಮ್ಮಸ್ಸಿನಲ್ಲಿ ನಾನು ಈ ಮಾತನ್ನೇ ಹಿಡಿದು ಮಾವನ ಮುಂದೆ ವಾದಿಸಿದೆ. ಕೃತಿಯ ಬಿಗಿ ಚಿತ್ರದಲ್ಲಿ ಸಡಿಲವಾಗಿದೆ, ಕಣ್ಣೀರು ಹೆಚ್ಚಾಗಿದೆ ಎಂದೆಲ್ಲ ಹೇಳಿದೆ. ಅವರು ತಕ್ಕಡಿ ಒರೆಸುತ್ತ ಕೇಳಿ, "ನೀನು ಓದಿದವನು, ನೀನು ಹೇಳಿದ್ದು ಸರಿಯೇ ಇರಬಹುದು ಕಣಪ್ಪ. ಆದರೆ ಮೇಷ್ಟ್ರ ಮಾತು ನಂಬಿದ ಹುಡುಗ ಕೆಟ್ಟನಲ್ಲ, ಅದು ಪುಸ್ತಕದಲ್ಲಿದ್ದರೇನು, ಪರದೆಯ ಮೇಲಿದ್ದರೇನು?" ಎಂದರು.

ನಾನು ಆಗಲೇ ಅಧ್ಯಾಪಕನಾಗಲು ಹೊರಟಿದ್ದವನು. ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರನ್ನು ಅಂದಿನಿಂದ ಬೇರೆ ಕಣ್ಣಿನಿಂದ ನೋಡತೊಡಗಿದೆ. ಆ ಮೇಷ್ಟ್ರು ದುಷ್ಟನಲ್ಲ. ಶಿಷ್ಯನನ್ನು ಅವನ ತಂದೆತಾಯಿಗಿಂತ ಹೆಚ್ಚು ಬಲ್ಲವರು. ರಾಮಾಚಾರಿಯ ಪ್ರೀತಿಗೆ ಜಾತಿಯ ಮಾತನ್ನು ಅಡ್ಡ ತಂದು, ಅವನು ಅಲಮೇಲುವನ್ನು ಬಿಟ್ಟುಕೊಡುವಂತೆ ಮಾಡುತ್ತಾರೆ. ಅವಳ ಬಾಳು ಮಣ್ಣುಪಾಲಾದದ್ದನ್ನು ಕಂಡ ಮೇಲೆಯೂ ಅವನ ಹೊಸ ಬದುಕಿಗೆ ಎದುರು ನಿಲ್ಲುತ್ತಾರೆ. ಬಂಡೆಯ ತುದಿಯಿಂದ ಉರುಳಿದ ಗುರುವಿನ ಹಿಂದೆಯೇ ಶಿಷ್ಯನೂ ಮಾರ್ಗರೆಟ್ಟಳೂ ಹೋಗುತ್ತಾರೆ. ಮೂವತ್ತು ವರ್ಷ ಪಾಠ ಹೇಳಿದ ನನಗೆ, ಶಿಷ್ಯರು ಸಲಹೆ ಕೇಳಿಕೊಂಡು ಮನೆಗೆ ಬಂದಾಗಲೆಲ್ಲ ಆ ಬಂಡೆ ಕಣ್ಣಮುಂದೆ ಬರುತ್ತಿತ್ತು.

ಮಾವ ತೀರಿಕೊಂಡ ಮೇಲೆ ಲೆಕ್ಕದ ಪುಸ್ತಕಗಳು ನನ್ನ ಪಾಲಿಗೆ ಬಂದವು. 1973ರ ಹಾಳೆಯಲ್ಲಿ ಮೊದಲನೆಯದು 'ನಾಗರಹಾವು'. ಅದರ ಕೆಳಗೆ 'ಗಂಧದ ಗುಡಿ', ಆಮೇಲೆ ಭಾರತೀಸುತರ ಕಾದಂಬರಿಯಿಂದ ಪುಟ್ಟಣ್ಣನವರೇ ಮಾಡಿದ 'ಎಡಕಲ್ಲು ಗುಡ್ಡದ ಮೇಲೆ'. ಮಗ್ಗುಲಲ್ಲಿ ಯಾರೋ ಗಿರಾಕಿಯ ಬೆಲ್ಲದ ಬಾಕಿ ಇದೆ, ಹೊಡೆದುಹಾಕಿಲ್ಲ.